ಡೆಂಗಿಗೆ ಪ್ಲೇಟ್‌ಲೆಟ್ ಹಾಕಿಸಲೇಬೇಕೇ? ಒಂದು ಆಸ್ಪತ್ರೆಯಿಂದ ಉತ್ತರ ಸಿಗದ ಪ್ರಶ್ನೆ

[ಪರದೆಯಲ್ಲಿ: ರಕ್ತಪರೀಕ್ಷೆಯ ವರದಿ. ಪ್ಲೇಟ್‌ಲೆಟ್ 18,000]

ನಮಸ್ಕಾರ. ಮಳೆಗಾಲ ಹಿಡಿದರೆ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶ ಓಡಾಡುತ್ತದೆ: "ಡೆಂಗಿ ರೋಗಿ, ತುರ್ತಾಗಿ ಪ್ಲೇಟ್‌ಲೆಟ್ ಬೇಕು." ಅರಕಲಗೂಡಿನ ವೀಕ್ಷಕರೊಬ್ಬರು ಹೀಗೆ ಕೇಳಿದ್ದಾರೆ: "ನಮ್ಮ ಅಣ್ಣನಿಗೆ ಹದಿನೆಂಟು ಸಾವಿರಕ್ಕೆ ಇಳಿದಿತ್ತು. ರಕ್ತಸ್ರಾವವಿಲ್ಲ, ಈಗಲೇ ಹಾಕುವುದು ಬೇಡ ಎಂದರು ವೈದ್ಯರು. ನಾವು ಗಲಾಟೆ ಮಾಡಿ ಹಾಕಿಸಿದೆವು. ಸರಿಯೇ?"

ವೈದ್ಯರ ಮಾತಿಗೆ ಆಧಾರವಿದೆ. ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವ ಕಣ. ವರದಿಯಲ್ಲಿರುವುದು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅವು ಎಷ್ಟಿವೆ ಎಂಬ ಲೆಕ್ಕ. ಡೆಂಗಿಯಲ್ಲಿ ಈ ಸಂಖ್ಯೆ ಕುಸಿಯುತ್ತದೆ, ಬಹುಪಾಲು ಜನರಲ್ಲಿ ಕೆಲವು ದಿನಗಳಲ್ಲಿ ತಾನೇ ಏರುತ್ತದೆ. ಇಷ್ಟು ಸಾಕು, ಮುಂದೆ ಹೋಗೋಣ.

ಸಿಂಗಾಪುರ ಮತ್ತು ಮಲೇಷ್ಯಾದ 5 ಆಸ್ಪತ್ರೆಗಳಲ್ಲಿ 372 ಡೆಂಗಿ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಲ್ಲರ ಪ್ಲೇಟ್‌ಲೆಟ್ ಸಂಖ್ಯೆಯೂ 20,000 ಅಥವಾ ಅದಕ್ಕಿಂತ ಕಡಿಮೆ. ಅರ್ಧದಷ್ಟು ಜನರಿಗೆ ಮುಂಜಾಗ್ರತೆಯಾಗಿ ಪ್ಲೇಟ್‌ಲೆಟ್ ಹಾಕಿದರು, ಉಳಿದವರಿಗೆ ಹಾಕಲಿಲ್ಲ. ರಕ್ತಸ್ರಾವ ಕಂಡದ್ದು ಹಾಕಿದವರಲ್ಲಿ ಶೇ. 21, ಹಾಕದವರಲ್ಲಿ ಶೇ. 26. ಇಷ್ಟು ಸಣ್ಣ ಗುಂಪಿನಲ್ಲಿ ಆ ಅಂತರ ಆಕಸ್ಮಿಕವಾಗಿಯೂ ಬರಬಹುದು. ಅಡ್ಡಪರಿಣಾಮಗಳು ಮಾತ್ರ ಹಾಕಿದವರಲ್ಲಿ 13 ಪ್ರಕರಣ, ಹಾಕದವರಲ್ಲಿ 2.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಪ್ರಯೋಗ. ಅವಧಿಗೆ ಮುನ್ನ ಹುಟ್ಟಿದ 660 ಶಿಶುಗಳು. ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್ ದೇಶಗಳ ಆಸ್ಪತ್ರೆಗಳು. ಒಂದು ಗುಂಪಿಗೆ ಸಂಖ್ಯೆ 50,000ಕ್ಕಿಂತ ಇಳಿದ ಕೂಡಲೇ ಪ್ಲೇಟ್‌ಲೆಟ್, ಇನ್ನೊಂದಕ್ಕೆ 25,000ಕ್ಕಿಂತ ಇಳಿದ ಮೇಲಷ್ಟೇ. ಬೇಗ ಕೊಟ್ಟ ಗುಂಪೇ ಸುರಕ್ಷಿತವೆಂದು ಯಾರಿಗಾದರೂ ಅನ್ನಿಸುತ್ತದೆ. 2019ರಲ್ಲಿ ಬಂದ ಫಲಿತಾಂಶ: ಸಾವು ಅಥವಾ ತೀವ್ರ ರಕ್ತಸ್ರಾವ ಕಾದು ಕೊಟ್ಟ ಗುಂಪಿನಲ್ಲಿ ಶೇ. 19, ಬೇಗ ಕೊಟ್ಟ ಗುಂಪಿನಲ್ಲಿ ಶೇ. 26! ಮಗುವನ್ನು ಉಳಿಸಲೆಂದೇ ಕೊಟ್ಟದ್ದು ಕೆಲವು ಮಕ್ಕಳಿಗೆ ಮುಳುವಾಗಿತ್ತು. ಇನ್ಕ್ಯುಬೇಟರ್ ಪಕ್ಕದಲ್ಲಿ ನಿಂತ ಎಷ್ಟೇ ಅನುಭವಿ ವೈದ್ಯರಿಗೂ ಇದು ಕಣ್ಣಿಗೆ ಬೀಳುವಂಥದ್ದಲ್ಲ. ಅವರ ವಾರ್ಡಿನಲ್ಲಿ ಮಗು ಉಳಿದರೆ ಪ್ಲೇಟ್‌ಲೆಟ್ ಕೊಟ್ಟದ್ದರಿಂದ ಎನ್ನಿಸುತ್ತದೆ, ತೀರಿಕೊಂಡರೆ ರೋಗದಿಂದ ಎನ್ನಿಸುತ್ತದೆ.

[ಪರದೆಯಲ್ಲಿ: ಆಲೂಗಡ್ಡೆ ಹೊಲ]

ನಮ್ಮ ಆಲೂಗಡ್ಡೆ ಬೆಳೆಗಾರರಿಗೆ ಈ ಗೊಂದಲ ಗೊತ್ತು. ಹೊಸ ಬಿತ್ತನೆ ಒಬ್ಬರ ಹೊಲದಲ್ಲಿ ಚೆನ್ನಾಗಿ ಬಂತು. ಬಿತ್ತನೆಯ ಗುಣವೋ, ಮಣ್ಣಿನದೋ, ಆ ವರ್ಷ ಅಂಗಮಾರಿ ರೋಗ ಬರದಿದ್ದ ಅದೃಷ್ಟವೋ? ತಿಳಿಯಬೇಕಾದರೆ ಹಳೆಯದನ್ನೂ ಹೊಸದನ್ನೂ ಹಲವು ಊರುಗಳಲ್ಲಿ, ಯಾವ ಪಾತಿಗೆ ಯಾವುದೆಂದು ಚೀಟಿ ಎತ್ತಿ ಬಿತ್ತಬೇಕು. ಈ ಚೀಟಿ ಎತ್ತುವ ವಿಧಾನಕ್ಕೆ ಶಾಸ್ತ್ರದ ರೂಪ ಬಂದದ್ದೇ ಹೊಲದಲ್ಲಿ: 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದನ್ನು ರೂಪಿಸಿದರು. ಯಾವ ರೋಗಿಗೆ ಯಾವ ಚಿಕಿತ್ಸೆ ಎಂದು ಹೀಗೆ ಚೀಟಿ ಎತ್ತುವುದನ್ನು ಆಸ್ಪತ್ರೆಗಳು ಕಲಿತದ್ದು ಆಮೇಲೆ. ಆಗ ಹೇಳಿದ ಎರಡೂ ಪ್ರಯೋಗಗಳು ನಡೆದದ್ದು ಹಾಗೆಯೇ.

ಸಿಂಗಾಪುರದ ಉತ್ತರವನ್ನೇ ತಂದುಕೊಂಡರೆ ಸಾಲದೇ? ಸಾಲದು. ಅಲ್ಲಿದ್ದವರೆಲ್ಲ ವಯಸ್ಕರು, ನಮ್ಮ ವಾರ್ಡುಗಳಲ್ಲಿ ಮಕ್ಕಳೂ ಮಲಗಿರುತ್ತಾರೆ. ಜೊತೆಗೆ ಡೆಂಗಿ ಒಂದು ವರ್ಷ ಹಾಸನದಲ್ಲಿ ಉಲ್ಬಣಿಸಿದರೆ ಮರುವರ್ಷ ಬೇರೆಲ್ಲೋ. ಜ್ವರ ಬಂದ ಮೇಲೆ ಪ್ರಯೋಗ ನಡೆಸಲು ನೈತಿಕ ಸಮಿತಿಯ ಒಪ್ಪಿಗೆಗೆ ಅರ್ಜಿ ಹಾಕಿದರೆ ಒಪ್ಪಿಗೆ ಕೈಸೇರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಆದ್ದರಿಂದ ಒಂದೊಂದು ಪ್ರಯೋಗಕ್ಕೂ ಹೊಸದಾಗಿ ಜನ ಕೂಡಿಸುವುದಲ್ಲ, ಹಲವು ಆಸ್ಪತ್ರೆಗಳು ಸೇರಿದ, ಸದಾ ಸಿದ್ಧವಾಗಿರುವ ರಾಷ್ಟ್ರೀಯ ಜಾಲವೇ ಬೇಕು. ಅಮೆರಿಕ 2002ರಲ್ಲೇ ರಕ್ತ ವರ್ಗಾವಣೆಗೆ ಇಂಥ ಜಾಲ ಕಟ್ಟಿತು. ನಮ್ಮಲ್ಲಿ ಪಾರ್ಶ್ವವಾಯು ಸಂಶೋಧನೆಗೆ ಜಾಲವಿದೆ. ಅದರ ಒಂದು ಪ್ರಯೋಗದಲ್ಲಿ 31 ಕೇಂದ್ರಗಳು ಸೇರಿ 4,298 ರೋಗಿಗಳನ್ನು ಗಮನಿಸಿದವು. ನಮ್ಮವರಿಂದ ಆಗದ ಕೆಲಸವಲ್ಲ. 2012ರಿಂದ ಹಿಮೋವಿಜಿಲೆನ್ಸ್ ಕಾರ್ಯಕ್ರಮವೂ ಇದೆ. ಆದರೆ ರಕ್ತ ಹಾಕಿದ ಮೇಲೆ ಏನು ತೊಂದರೆಯಾಯಿತು ಎಂಬುದನ್ನು ಅದು ದಾಖಲಿಸುತ್ತದೆ. ಯಾರಿಗೆ ಹಾಕಬೇಕಿತ್ತು ಎಂಬ ಪ್ರಶ್ನೆ ಅದರದಲ್ಲ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಜಾಲವೆಂದರೆ ಎಲ್ಲ ಆಸ್ಪತ್ರೆಗೂ ಒಂದೇ ನಿಯಮಾವಳಿ, ಚೀಟಿ ಎತ್ತುವ ಕೆಲಸ ವೈದ್ಯರ ಕೈಯಲ್ಲಿರದೆ ಕೇಂದ್ರದಲ್ಲಿ, ಹಾನಿ ಕಂಡರೆ ಪ್ರಯೋಗ ನಿಲ್ಲಿಸಬಲ್ಲ ಸ್ವತಂತ್ರ ಸಮಿತಿ, ರಕ್ತಕೇಂದ್ರದ ಚೀಲದ ಸಂಖ್ಯೆಗೂ ರೋಗಿಯ ದಾಖಲೆಗೂ ಜೋಡಣೆ. ಇವೆಲ್ಲಕ್ಕಿಂತ ಮೊದಲು ಪ್ರತಿ ಜಿಲ್ಲಾ ಆಸ್ಪತ್ರೆಗೆ ಇದೇ ಕೆಲಸಕ್ಕೆಂದು ಸಂಬಳ ಪಡೆಯುವ ಒಬ್ಬ ಶುಶ್ರೂಷಕಿ. ಪಾಳಿಯಲ್ಲಿ ದುಡಿಯುವವರ ತಲೆಗೆ ಇದನ್ನೂ ಕಟ್ಟಿದರೆ ದಾಖಲೆ ಅರೆಬರೆಯಾಗುತ್ತದೆ.

ಕೊನೆಯದು ಒಪ್ಪಿಗೆ ಪತ್ರ. ಅದು ಕನ್ನಡದಲ್ಲಿರಬೇಕು, ರಾತ್ರಿ ಹನ್ನೊಂದಕ್ಕೆ ಗಾಬರಿಯಲ್ಲಿರುವ ಮನೆಯವರಿಗೂ ಅರ್ಥವಾಗಬೇಕು. ನಿಮ್ಮ ಮನೆಯವರನ್ನು ಯಾವುದಾದರೂ ಪ್ರಯೋಗಕ್ಕೆ ಕೇಳಿದರೆ ಅವಸರದಲ್ಲಿ ಸಹಿ ಹಾಕಬೇಡಿ. ಬೇಡವೆಂದರೂ ಚಿಕಿತ್ಸೆ ನಿಲ್ಲುವಂತಿಲ್ಲ, ನಡುವೆ ಹೊರಬರುವ ಹಕ್ಕೂ ನಿಮಗಿದೆ. ಫಲಿತಾಂಶವನ್ನು ನಮಗೆ ಯಾವಾಗ ತಿಳಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.