ಬ್ಯಾಂಕ್ ಕೆಲಸಕ್ಕೆ ಸಿಬಿಲ್ ಯಾಕೆ ನೋಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಮನೆಗೆ ಬಂದಿದ್ದ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಎರಡು ವರ್ಷದಿಂದ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಈ ಸಲ ಪ್ರಿಲಿಮ್ಸ್ ಪಾಸಾಗಿದೆ, ಮೇನ್ಸ್ ಕೂಡ ಚೆನ್ನಾಗಿ ಬರೆದಿದ್ದಾನೆ. ಖುಷಿಯಾಗಿ ಇರಬೇಕಿತ್ತು, ಅಲ್ವಾ? ಆದರೆ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಕೊನೆಗೆ ಕೇಳಿದ: "ಅಕ್ಕಾ, ಸಿಬಿಲ್ ಸರಿ ಇಲ್ಲ ಅಂದ್ರೆ ಕೆಲಸ ಕೊಡಲ್ವಂತೆ, ಹೌದಾ?"

ಹೌದು, ಕೊಡದೇ ಇರಬಹುದು. ಸಿಬಿಲ್ ಅಂದರೆ ನಾವು ಸಾಲ ಹೇಗೆ ತೀರಿಸಿದ್ದೇವೆ ಅಂತ ಲೆಕ್ಕ ಇಡುವ ಕಂಪನಿ. ಅದು ಕೊಡುವ ವರದಿಯನ್ನೂ ಜನ ಸಿಬಿಲ್ ಅಂತಲೇ ಕರೆಯುತ್ತಾರೆ.

ಊಟ ಮುಗಿಸಿ ಇಬ್ಬರೂ ಕೂತು ಅವನ ಫೋನಿನಲ್ಲೇ ವರದಿ ತೆಗೆದೆವು. ಮೇಲೆ ದೊಡ್ಡದಾಗಿ ಒಂದು ಅಂಕ ಕಾಣುತ್ತದೆ, 300ರಿಂದ 900ರ ಒಳಗೆ. ಎಲ್ಲರೂ ನೋಡುವುದು ಅದನ್ನೇ. ಆದರೆ ವಿಷಯ ಇರುವುದು ಕೆಳಗೆ. ಪ್ರತಿ ಸಾಲಕ್ಕೂ ಒಂದು ಪಟ್ಟಿ, ತಿಂಗಳಿಗೊಂದು ಚೌಕ. ಕಂತು ಸರಿಯಾಗಿ ಕಟ್ಟಿದ್ದರೆ 000. ಇಲ್ಲದಿದ್ದರೆ ಎಷ್ಟು ದಿನ ತಡ ಅಂತ ಒಂದು ಸಂಖ್ಯೆ. ಅವನ ಎಜುಕೇಶನ್ ಲೋನ್ ಪಟ್ಟಿಯಲ್ಲಿ 000, 000, ಆಮೇಲೆ 028, 059, 089. ಆಮೇಲೆ ಮತ್ತೆ 000.

ಆ ಮೂರು ಚೌಕ ನೋಡುತ್ತಲೇ ನನಗೆ ಗೊತ್ತಾಯಿತು. ನಮ್ಮ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದು ಆಗಲೇ. ಆಪರೇಷನ್ ಖರ್ಚೆಲ್ಲ ಚಿಕ್ಕಪ್ಪನ ತಲೆ ಮೇಲೆ ಬಿತ್ತು. ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬಂದ ದಿನವೇ ಅವರು ಬ್ಯಾಂಕಿಗೆ ಹೋಗಿ ಬಾಕಿ ಅಷ್ಟನ್ನೂ ಕಟ್ಟಿ ಬಂದರು. ಇದನ್ನೆಲ್ಲ ಬರೆಯಲು ಆ ವರದಿಯಲ್ಲಿ ಜಾಗ ಇಲ್ಲ. ಎಷ್ಟು ದಿನ ತಡವಾಯಿತು ಅಂತ ಅದು ಹೇಳುತ್ತದೆ. ಯಾಕೆ ತಡವಾಯಿತು ಅಂತ ಹೇಳುವುದಿಲ್ಲ.

ಕೆಳಗೆ ಇನ್ನೊಂದು ಸಾಲು ಇತ್ತು. ಒಂದು ಕ್ರೆಡಿಟ್ ಕಾರ್ಡ್. ಹಿಂದೆ ಆರು ತಿಂಗಳು ಒಂದು ಕಂಪನಿಯಲ್ಲಿ ಕೆಲಸ ಮಾಡುವಾಗ ಮಾಲ್‌ನಲ್ಲಿ ಯಾರೋ ಸಹಿ ಹಾಕಿಸಿಕೊಂಡು ಕೊಟ್ಟಿದ್ದು. ಒಂದು ಸಲವೂ ಬಳಸಿಲ್ಲ. ವಾರ್ಷಿಕ ಶುಲ್ಕ 499, ಮೇಲೆ ಜಿಎಸ್‌ಟಿ, ಒಟ್ಟು 589 ರೂಪಾಯಿ. ಹಳೆ ನಂಬರಿಗೆ ಮೆಸೇಜ್ ಹೋಗುತ್ತಿತ್ತು, ಇವನಿಗೆ ಗೊತ್ತೇ ಆಗಿಲ್ಲ. ಬಡ್ಡಿ, ದಂಡ ಸೇರಿ ಮೂರು ಸಾವಿರ ದಾಟಿತ್ತು.

ಬ್ಯಾಂಕಿನವರ ಮಾತನ್ನೂ ಕೇಳೋಣ. ಅವರದು ಸುಮ್ನೆ ಹಠ ಅಲ್ಲ. ಕ್ಯಾಶ್ ಕೌಂಟರಿನಲ್ಲಿ ಕೂರುವವರು, ತಿಜೋರಿ ಕೀ ಇಟ್ಟುಕೊಳ್ಳುವವರು, ಊರವರ ಸಾಲಕ್ಕೆ ಮಂಜೂರಿ ಕೊಡುವವರು ಇವರೇ. ಮೈತುಂಬ ಸಾಲ ಇರುವವರ ಕೈಗೆ ಬೇರೆಯವರ ದುಡ್ಡು ಕೊಟ್ಟರೆ ಅದಕ್ಕೇ ಕೈ ಹಾಕಬಹುದು ಎಂಬ ಭಯ. ತನ್ನ ಕಂತನ್ನೇ ಕಟ್ಟದವನು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಕಂತು ಕಟ್ಟಿ ಅಂತ ಹೇಗೆ ಕೇಳುತ್ತಾನೆ? ಈ ಎರಡನೇ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನಿಸುತ್ತದೆ.

ಕೋರ್ಟ್ ಕೂಡ ಬ್ಯಾಂಕಿನ ಕಡೆಗೇ ನಿಂತಿದೆ. 2020ರಲ್ಲಿ ಎಸ್‌ಬಿಐ ಸರ್ಕಲ್ ಬೇಸ್ಡ್ ಆಫೀಸರ್ ಹುದ್ದೆಗೆ ಅರ್ಜಿ ಕರೆದಿತ್ತು. ಸಾಲ ಕಟ್ಟದ ದಾಖಲೆ ಇರುವವರು, ಸಿಬಿಲ್‌ನಲ್ಲಿ ಕೆಟ್ಟ ವರದಿ ಇರುವವರು ಅರ್ಹರಲ್ಲ ಅಂತ ಷರತ್ತು ಇತ್ತು. ಒಬ್ಬ ಅಭ್ಯರ್ಥಿ ಎಲ್ಲ ಹಂತ ದಾಟಿದರು. 2021ರ ಮಾರ್ಚ್‌ನಲ್ಲಿ ನೇಮಕದ ಪತ್ರ ಬಂತು, ಏಪ್ರಿಲ್‌ನಲ್ಲಿ ರದ್ದಾಯಿತು. ಅರ್ಜಿ ಕರೆಯುವ ಹೊತ್ತಿಗೆ ನನ್ನ ಸಾಲವೆಲ್ಲ ತೀರಿತ್ತು ಅಂತ ಅವರು ಮದ್ರಾಸ್ ಹೈಕೋರ್ಟ್‌ಗೆ ಹೋದರು. 2025ರಲ್ಲಿ ಕೋರ್ಟ್ ಬ್ಯಾಂಕ್ ಮಾಡಿದ್ದೇ ಸರಿ ಎಂದಿತು. ಸಾರ್ವಜನಿಕರ ಹಣ ಮುಟ್ಟುವವರಿಗೆ ಹಣಕಾಸಿನ ಶಿಸ್ತು ಇರಲೇಬೇಕು ಎಂಬುದು ಅದರ ಕಾರಣ. ಅಂದರೆ ಸಾಲ ತೀರಿದ್ದರೂ ಹಳೆ ಕಲೆ ಹೋಗಲಿಲ್ಲ. ನನಗೆ ಜಾಸ್ತಿ ಕಾಡುವುದು ಇದೇ. ತೀರಿಸಿದವನಿಗೂ ತೀರಿಸದವನಿಗೂ ವ್ಯತ್ಯಾಸ ಇಲ್ಲ ಅಂದರೆ, ಕಷ್ಟಪಟ್ಟು ಯಾಕೆ ತೀರಿಸಬೇಕು?

ಬ್ಯಾಂಕ್‌ಗಳ ನೇಮಕಕ್ಕೆ ಪರೀಕ್ಷೆ ನಡೆಸುವ ಐಬಿಪಿಎಸ್ ಈ ವಿಷಯದಲ್ಲಿ ಸ್ವಲ್ಪ ಮೆತ್ತಗಾಗಿದೆ. 2023ರ ಅಧಿಸೂಚನೆಯಲ್ಲಿ ಕೆಲಸಕ್ಕೆ ಸೇರುವಾಗ ಕನಿಷ್ಠ 650 ಅಂಕ ಇರಬೇಕು ಎಂದಿತ್ತು. ಆಮೇಲೆ ಆ ಸಂಖ್ಯೆ ತೆಗೆದರು. ಈಗ ವರದಿಯಲ್ಲಿ ತೊಂದರೆ ಇದ್ದರೆ ಸೇರುವುದರೊಳಗೆ ಸರಿಪಡಿಸಿಕೊಳ್ಳಬೇಕು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲ ಅಂತ ಎನ್‌ಒಸಿ ತರಬೇಕು. ತರದಿದ್ದರೆ ಕೆಲಸ ಕೈತಪ್ಪಬಹುದು.

ಒಳ್ಳೆಯದೇ. ಆದರೆ ಎನ್‌ಒಸಿ ತರಲು ದುಡ್ಡು ಬೇಕಲ್ಲ? ಎಜುಕೇಶನ್ ಲೋನ್‌ಗೆ ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ. ಕೆಲಸ ಸಿಕ್ಕಿರಲಿ, ಬಿಡಲಿ. ಇಪ್ಪತ್ಮೂರು ವರ್ಷದ ಹುಡುಗ ಇನ್ನೂ ಪರೀಕ್ಷೆ ಬರೆಯುತ್ತಿರುತ್ತಾನೆ. ಕಂತು ತಪ್ಪುತ್ತದೆ. ಕಂತು ತಪ್ಪಿದ್ದಕ್ಕೆ ಕೆಲಸ ತಪ್ಪುತ್ತದೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಓದು ಅಂತ ಸಾಲ ಕೊಟ್ಟ ಬ್ಯಾಂಕೇ, ಓದಿ ಬಂದವನಿಗೆ ಸಾಲ ಇದೆ ಅಂತ ಬಾಗಿಲು ಹಾಕುವುದು ಯಾವ ನ್ಯಾಯ?

ಇನ್ನೊಂದು ವಿಷಯ ಕೇಳಿ. ಕಂತು ತಪ್ಪಿಸಿದವನು ಕಳ್ಳತನವನ್ನೂ ಮಾಡುತ್ತಾನೆ ಎಂಬುದಕ್ಕೆ ಆಧಾರ ಏನು? 2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಕೆಲಸ ಕೊಡುವಾಗ ಸಾಲದ ವರದಿ ನೋಡುವುದನ್ನು ತಡೆಯುವ ಕಾನೂನು ತರುವ ಚರ್ಚೆ ನಡೆದಿತ್ತು. ಆಗ ಶಾಸಕರ ಮುಂದೆ, ಇಂಥ ವರದಿ ಮಾರುವ ಟ್ರಾನ್ಸ್‌ಯೂನಿಯನ್ ಕಂಪನಿಯ ಪ್ರತಿನಿಧಿ ಒಂದು ಮಾತು ಒಪ್ಪಿಕೊಂಡರು. ವರದಿಯಲ್ಲಿ ಇರುವುದಕ್ಕೂ ಒಬ್ಬರು ಕೆಲಸ ಹೇಗೆ ಮಾಡುತ್ತಾರೆ, ಮೋಸ ಮಾಡುತ್ತಾರಾ ಎಂಬುದಕ್ಕೂ ಸಂಬಂಧ ಇದೆ ಅಂತ ತೋರಿಸುವ ಸಂಶೋಧನೆ ತಮ್ಮ ಬಳಿ ಇಲ್ಲ ಅಂತ. ನಮ್ಮ ಸಿಬಿಲ್‌ನ ಇವತ್ತಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಅದೇ ಟ್ರಾನ್ಸ್‌ಯೂನಿಯನ್. ವರದಿ ಮಾರುವವರೇ ಕೊಡದ ಭರವಸೆಯನ್ನು ನಾವು ಆ ವರದಿಯ ಮೇಲೆ ಇಟ್ಟಿದ್ದೇವೆ.

ಅದೇ ವರ್ಷ ಒರೆಗಾನ್ ಹೆಚ್ಚಿನ ಕೆಲಸಗಳಿಗೆ ಹೀಗೆ ನೋಡುವುದನ್ನು ನಿಲ್ಲಿಸಿತು. ನೋಡಲು ಬಿಡುವ ರಾಜ್ಯಗಳಲ್ಲೂ ಅಲ್ಲಿ 1970ರ ಒಂದು ಕಾನೂನು ಕಾವಲಿಗಿದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಬೇಕು. ವರದಿ ನೋಡಿ ಕೆಲಸ ಕೊಡಲ್ಲ ಅನ್ನುವುದಾದರೆ, ಅನ್ನುವ ಮೊದಲೇ ಆ ವರದಿಯ ಪ್ರತಿಯನ್ನು ಅವರ ಕೈಗೆ ಕೊಡಬೇಕು. ನಾನು ಕೇಳುವುದೂ ಇಷ್ಟೇ. ಬ್ಯಾಂಕ್ ನೋಡಲಿ, ಬೇಡ ಅನ್ನಲ್ಲ. ಆದರೆ ಪತ್ರ ರದ್ದು ಮಾಡುವ ಮೊದಲು ಎದುರು ಕೂರಿಸಿಕೊಂಡು ಕೇಳಲಿ. ಈ ಮೂರು ತಿಂಗಳು ಏನಾಯಿತಪ್ಪಾ ಅಂತ. ಆಸ್ಪತ್ರೆ ಬಿಲ್ ತೋರಿಸುವವನು ಬೇರೆ, ಹತ್ತು ಆ್ಯಪ್‌ನಲ್ಲಿ ಸಾಲ ಎತ್ತಿ ಬೆಟ್ಟಿಂಗ್ ಆಡಿದವನು ಬೇರೆ. ಓದಿನ ಸಾಲವನ್ನಂತೂ ಈ ಲೆಕ್ಕದಿಂದ ಹೊರಗಿಡಬೇಕು. ಮೊದಲ ಸಂಬಳದಿಂದಲೇ ಕಂತು ಹಿಡಿದುಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.

ಪರೀಕ್ಷೆ ಬರೆಯುತ್ತಿರುವವರಿಗೆ ಎರಡು ಮಾತು. ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ರಿಸಲ್ಟ್ ಬರಲಿ ಅಂತ ಕಾಯಬೇಡಿ, ಇವತ್ತೇ ತೆಗೆದು ನೋಡಿ. ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ಅಲ್ಲಿ ಕಾಣುತ್ತದೆ. ತಪ್ಪು ಕಂಡರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಇನ್ನೊಂದು, ವಸೂಲಿಯವರು ಫೋನ್ ಮಾಡಿ "ಅರ್ಧ ಕಟ್ಟಿ, ಸೆಟ್ಲ್ ಮಾಡಿಬಿಡ್ತೀವಿ" ಅಂದರೆ ತಕ್ಷಣ ಒಪ್ಪಬೇಡಿ. ವರದಿಯಲ್ಲಿ "ಸೆಟ್ಲ್ಡ್" ಅಂತ ಬಿದ್ದರೆ ಪೂರ್ತಿ ಕಟ್ಟಿಲ್ಲ ಅಂತಲೇ ಅರ್ಥ. ನಿಮಗೆ ಬೇಕಾಗಿರುವುದು "ಕ್ಲೋಸ್ಡ್".

ನಮ್ಮ ಹುಡುಗ ಅವತ್ತು ರಾತ್ರಿಯೇ ಕಾರ್ಡಿನ ಬಾಕಿ ಕಟ್ಟಿದ. ದುಡ್ಡು ನಾನೇ ಕೊಟ್ಟೆ. ಅವನು ಬೇಡ ಬೇಡ ಅಂತಲೇ ತೆಗೆದುಕೊಂಡ. ಎನ್‌ಒಸಿಗೆ ಮೇಲ್ ಹಾಕಿ ಮೂರು ವಾರ ಆಯಿತು, ಇನ್ನೂ ಬಂದಿಲ್ಲ. ಚಿಕ್ಕಪ್ಪ ದಿನಾ ಸಂಜೆ ನನಗೆ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ರಿಸಲ್ಟ್ ಅಲ್ಲ. "ಆ ಕಾಗದ ಬಂತೇನಮ್ಮಾ?"