ಮರಳು ದಿಬ್ಬದ ಮೇಲೆ ಗಿಡಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕಡಲತೀರದ ಮರಳು ದಿಬ್ಬಗಳ ಮೇಲೆ ಹಬ್ಬುವ ರಾವಣನ ಮೀಸೆಯನ್ನು ಬರಿಗಾಲಿನಲ್ಲಿ ತುಳಿದವರು ಅದನ್ನು ಮರೆಯಲಾರರು. ಸಸ್ಯಶಾಸ್ತ್ರಜ್ಞರು ಸ್ಪಿನಿಫೆಕ್ಸ್ ಲಿಟ್ಟೋರಿಯಸ್ ಎಂದು ಕರೆಯುವ, ಸೂಜಿಯಂತಹ ಎಲೆಗಳ ಈ ಹುಲ್ಲು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂದು ತಿಳಿಯುವ ಬಗೆಯನ್ನು ಈ ಹೊತ್ತು ವಿವರಿಸುತ್ತೇನೆ.

ಎಣಿಸಿದರೆ ಸಾಲದೇ ಎಂದು ಕೇಳಬಹುದು. ತೊಡಕು ಶುರುವಾಗುವುದೇ ಅಲ್ಲಿ. ಈ ಹುಲ್ಲಿನ ಕಾಂಡ ಮರಳಿನ ಮೇಲೆ ಮೀಟರುಗಟ್ಟಲೆ ಹರಿದು, ಗಿಣ್ಣು ಗಿಣ್ಣಿನಲ್ಲಿ ಬೇರು ಬಿಟ್ಟು, ನಡುಭಾಗ ಮರಳಿನಡಿ ಹೂತುಹೋದಾಗ ಒಂದೇ ಗಿಡ ಹತ್ತು ಗಿಡಗಳಂತೆ ಕಾಣಿಸುತ್ತದೆ. ಆದ್ದರಿಂದ ಬುಡಗಳನ್ನು ಎಣಿಸುವ ಬದಲು, ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು ನೆಲದ ಮೇಲಿಟ್ಟು, ದಾರ ಕಟ್ಟಿ ನೂರು ಮನೆಗಳಾಗಿ ಭಾಗ ಮಾಡಿದ ಅದರಲ್ಲಿ ಎಷ್ಟು ಮನೆಗಳಲ್ಲಿ ಹಸಿರಿದೆ ಎಂದು ಬರೆದುಕೊಳ್ಳುವುದು ಹೆಚ್ಚು ನಂಬಲರ್ಹ. ಒಂದೂ ಇಲ್ಲದಿದ್ದರೆ ಸೊನ್ನೆಯನ್ನು ತಪ್ಪದೆ ಬರೆಯಬೇಕು; ಖಾಲಿ ಬಿಟ್ಟ ಅಂಕಣ, ಅಲ್ಲಿ ಗಿಡವಿರಲಿಲ್ಲವೋ ನೋಡಿದವರೇ ಇರಲಿಲ್ಲವೋ ಎಂಬುದನ್ನು ಮುಂದಿನವರಿಗೆ ತಿಳಿಸುವುದಿಲ್ಲ.

ಇನ್ನೊಂದು ವಿಶೇಷವೆಂದರೆ ಈ ಹುಲ್ಲಿನಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೆಣ್ಣು ಗಿಡದ ಮುಳ್ಳಿನ ಚೆಂಡಿನಂತಹ ತೆನೆ ಒಣಗಿ ಕಳಚಿ, ಗಾಳಿಗೆ ಉರುಳುತ್ತ ಬೀಜ ಚೆಲ್ಲುತ್ತದೆ. ದಿಬ್ಬದ ತುಂಬ ಹಸಿರಿದ್ದರೂ ಅದೆಲ್ಲ ಗಂಡೇ ಆಗಿದ್ದರೆ ಅಲ್ಲಿ ಬೀಜ ಕಟ್ಟುವುದಿಲ್ಲ. ಗಂಡು ಹೆಣ್ಣಿನ ಲೆಕ್ಕ ಸಿಗುವುದು ತೆನೆಯ ಕಾಲದಲ್ಲಿ ಮಾತ್ರ. ಹಾಗಾಗಿ ಪ್ರತಿವರ್ಷ ಅದೇ ತಿಂಗಳಿನಲ್ಲಿ ಹೋಗಬೇಕು. ಡ್ರೋನ್ ಚಿತ್ರ ಹಸಿರಿನ ಹರಹನ್ನು ಚೆನ್ನಾಗಿ ತೋರಿಸುತ್ತದೆ, ನಿಜ. ಮೊಳಕೆಗಳನ್ನು ನೋಡಲು ಮಾತ್ರ ಮೊಣಕಾಲೂರಿ ಕೂರಲೇಬೇಕು.

ಎಲ್ಲಕ್ಕಿಂತ ಕಷ್ಟದ ಸಂಗತಿ, ದಿಬ್ಬ ತಾನೇ ಚಲಿಸುತ್ತದೆ ಎಂಬುದು. ಕಾಡಿನಲ್ಲಿ ಗೂಟ ನೆಟ್ಟು ಬಂದರೆ ಹತ್ತು ವರ್ಷದ ನಂತರವೂ ಅದೇ ನೆಲ ಸಿಕ್ಕೀತು. ಇಲ್ಲಿ ಒಂದೇ ಮಳೆಗಾಲದಲ್ಲಿ ಗೂಟ ಹೂತುಹೋಗಬಹುದು, ಇಲ್ಲವೇ ಅಲೆಯೊಂದಿಗೆ ಕೊಚ್ಚಿಹೋಗಬಹುದು. ದಿಬ್ಬ ಒಳನಾಡಿನ ಕಡೆಗೆ ಸರಿದು ಗಿಡಗಳೂ ಅದರೊಂದಿಗೆ ಸರಿದಾಗ, ಹಳೆಯ ಚೌಕದಲ್ಲಷ್ಟೇ ನೋಡಿದವರಿಗೆ ಸಂತತಿ ಅಳಿದಂತೆಯೇ ತೋರುತ್ತದೆ. ಅದಕ್ಕಾಗಿ ಅಲುಗಾಡದ ಗುರುತನ್ನು ದಿಬ್ಬದ ಹಿಂದಿನ ಗಟ್ಟಿನೆಲದಲ್ಲಿ ನೆಟ್ಟು, ಅಲ್ಲಿಂದ ನೀರಿನ ಅಂಚಿನವರೆಗೆ ನೇರ ಗೆರೆ ಎಳೆದು, ಆ ಗೆರೆಯುದ್ದಕ್ಕೂ ಸಮದೂರದಲ್ಲಿ ಚೌಕಟ್ಟು ಇಡುತ್ತಾರೆ. ಹುಲುಸಾದ ಜಾಗವನ್ನೇ ಆರಿಸಿಕೊಳ್ಳುವ ಆಸೆಗೂ ಇದರಿಂದ ಕಡಿವಾಣ ಬೀಳುತ್ತದೆ.

ಕೆಲವು ಚೌಕಗಳನ್ನು ಇಬ್ಬರು ಬೇರೆಬೇರೆಯಾಗಿ ಎಣಿಸುವುದು ಒಳ್ಳೆಯದು. ಇಬ್ಬರ ಲೆಕ್ಕದ ನಡುವೆ ನೂರಕ್ಕೆ ಹತ್ತರಷ್ಟು ಅಂತರ ಬಂದರೆ, ಕಳೆದ ವರ್ಷಕ್ಕಿಂತ ಎಂಟರಷ್ಟು ಇಳಿಕೆಯೆಂದು ಗಾಬರಿಪಡಲು ಕಾರಣವಿಲ್ಲ. ಬಿರುಗಾಳಿ ಕಿತ್ತೆಸೆದ ಕಾಂಡದ ತುಂಡುಗಳು ಮತ್ತೆ ಬೇರೂರುವುದೂ ಉಂಟು; ಅವು ಚಿಗುರಿದವೋ ಇಲ್ಲವೋ ಎಂಬುದನ್ನು ಮುಂದಿನ ವರ್ಷದ ಚೌಕಟ್ಟಿನಲ್ಲಿಯೇ ನೋಡಬೇಕು.