ಹೀಟರ್ ಕೋಡ್ ಬಂದಾಗ ಸೆನ್ಸರ್ ಬಿಚ್ಚುವ ಮುನ್ನ ಬಲ್ಬ್ ಉರಿಸಿ ನೋಡಿ

(ದೃಶ್ಯ: ಬಾನೆಟ್ ತೆರೆದ ಕಾರು, ಮೇಜಿನ ಮೇಲೆ ಬಿಚ್ಚಿಟ್ಟ ಆಕ್ಸಿಜನ್ ಸೆನ್ಸರ್)

ನಮಸ್ಕಾರ. ಮೈಸೂರಿನ ನಮ್ಮ ಗ್ಯಾರೇಜಿಗೆ ಈಚೆಗೆ ಮಂಡ್ಯದ ಕಡೆಯಿಂದ ಒಂದು ಪೆಟ್ರೋಲ್ ಕಾರು ಬಂದಿತ್ತು. ಇಂಜಿನ್ ಲೈಟ್ ಆರುತ್ತಿರಲಿಲ್ಲ. ಸ್ಕ್ಯಾನರ್ ಹಾಕಿದರೆ ಪಿ 0135 ಎಂಬ ಕೋಡ್ ಬರುತ್ತಿತ್ತು. ಮಾಲೀಕರು ಅದಾಗಲೇ ಬೇರೆ ಕಡೆ ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸಿದ್ದರೂ ಮೂರನೆಯ ದಿನಕ್ಕೆ ಅದೇ ಕೋಡ್ ಮರಳಿತ್ತು. ಹಾಗೆಂದು ಯಾರನ್ನೂ ದೂರುವ ಹಕ್ಕು ನನಗಿಲ್ಲ, ಏಕೆಂದರೆ ಕೆಲಸ ಕಲಿಯುವಾಗ ನಾನೂ ಇದೇ ತಪ್ಪು ಮಾಡಿ ಸೆನ್ಸರಿನ ದುಡ್ಡನ್ನು ಕೈಯಿಂದ ತೆತ್ತವನು. ಆ ಕೋಡ್ ಹೇಳುವುದು ಮುಂದಿನ, ಅಂದರೆ ಇಂಜಿನ್ನಿಗೆ ಹತ್ತಿರದ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ಸೆನ್ಸರ್ ಕೆಟ್ಟಿದೆ ಎಂದಲ್ಲ.

ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗುರುತಿಸುವ ಈ ಸೆನ್ಸರಿನೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದ್ದು, ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ನಂಬಬಹುದಾದ ಸಿಗ್ನಲ್ ಕೊಡುತ್ತದೆ. 1976ರಲ್ಲಿ ವೋಲ್ವೋ ಕಾರುಗಳಲ್ಲಿ ಬಂದ ಬಾಷ್ ಕಂಪನಿಯ ಮೊದಲ ಸೆನ್ಸರುಗಳಿಗೆ ಹೀಟರ್ ಇರಲಿಲ್ಲ. ಹೊಗೆಯೇ ಅವನ್ನು ಕಾಯಿಸಬೇಕಿತ್ತು. ಈಗ ಒಳಗಿನ ಹೀಟರ್ ಆ ಕೆಲಸವನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಹೀಟರ್ ಕೆಟ್ಟರೂ ಕಾರು ಓಡುತ್ತದೆ. ದೂರ ಓಡಿದರೆ ಹೊಗೆಯೇ ಸೆನ್ಸರನ್ನು ಕಾಯಿಸುವುದರಿಂದ ಬೆಂಗಳೂರಿನವರೆಗೆ ಓಡಿಸಿದವರಿಗೆ ವ್ಯತ್ಯಾಸವೇ ತಿಳಿಯದಿರಬಹುದು, ಆದರೆ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬರುವಷ್ಟೇ ಓಡಾಟವಿದ್ದವರಿಗೆ ಮೈಲೇಜ್ ಇಳಿದದ್ದು ಗೊತ್ತಾಗುತ್ತದೆ.

(ದೃಶ್ಯ: ಕಪ್ಲರಿನ ನಾಲ್ಕು ಪಿನ್ನುಗಳು, ಹತ್ತಿರದಿಂದ)

ಇಂಜಿನ್ ಪೂರ್ತಿ ತಣ್ಣಗಿರುವಾಗ, ಸೆನ್ಸರಿನ ತಂತಿಗಳನ್ನು ಕಾರಿನ ವೈರಿಂಗಿಗೆ ಜೋಡಿಸುವ ಕಪ್ಲರ್ ಬಿಚ್ಚಿ. ನಾಲ್ಕು ತಂತಿಯ ಸೆನ್ಸರಿನಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ತಂತಿಗಳು ಹೀಟರಿನವು. ಸೆನ್ಸರಿನ ಕಡೆಯ ಆ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಹೆಚ್ಚಿನ ಕಾರುಗಳಲ್ಲಿ 5ರಿಂದ 20 ಓಮ್ ಒಳಗೆ ಬರುತ್ತದೆ. ನಿಖರ ಅಂಕಿಗೆ ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್ ನೋಡಬೇಕು. ಮೀಟರ್ ಓಪನ್, ಅಂದರೆ ಒಳಗಿನ ದಾರಿ ಕಡಿದಿದೆ ಎಂದು ತೋರಿಸಿದರೆ ಸೆನ್ಸರ್ ಬದಲಿಸಿ, ವಿಚಾರ ಅಲ್ಲಿಗೆ ಮುಗಿಯಿತು. ಈ ಕಾರಿನಲ್ಲಿ 12 ಓಮ್ ಬಂತು, ಅಂದರೆ ಹೊಸ ಸೆನ್ಸರ್ ಸರಿಯಾಗಿಯೇ ಇತ್ತು. ಮುಂದಿನ ಮತ್ತು ಹಿಂದಿನ ಎರಡೂ ಸೆನ್ಸರುಗಳ ಹೀಟರ್ ಕೋಡ್ ಒಟ್ಟಿಗೆ ಬಂದಿದ್ದರೆ ಮಾತ್ರ ಇಷ್ಟೆಲ್ಲ ಮಾಡುವ ಮೊದಲು ಫ್ಯೂಸ್ ಮತ್ತು ರಿಲೇ ನೋಡುವುದು ಲೇಸು.

ಇನ್ನು ವೈರಿಂಗ್ ಕಡೆ. ಇಗ್ನಿಷನ್ ಆನ್ ಮಾಡಿ, ಹೀಟರಿಗೆ ಕರೆಂಟ್ ತರುವ ಸಪ್ಲೈ ಪಿನ್ನಿಗೆ ಮೀಟರ್ ಹಿಡಿದರೆ 12 ವೋಲ್ಟ್ ತೋರಿಸಿತು. ಬಹಳ ಮಂದಿ ದಾರಿ ತಪ್ಪುವುದು ಇಲ್ಲಿಯೇ. ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆಂಬಷ್ಟು ಕಡಿಮೆಯಾದ್ದರಿಂದ, ಕಿಲುಬು ಹಿಡಿದು ನೆಪಕ್ಕೆ ತಾಗಿಕೊಂಡಿರುವ ತಂತಿಯಲ್ಲೂ ಅದು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ಹೀಟರಿಗಾದರೋ ಸುಮಾರು ಒಂದು ಆಂಪಿಯರ್ ಬೇಕು. 12 ಓಮ್ ಹೀಟರಿನ ದಾರಿಯಲ್ಲಿ ಕಿಲುಬಿನದೇ ಇನ್ನೊಂದು 12 ಓಮ್ ಸೇರಿಕೊಂಡರೆ ಹೀಟರಿಗೆ ಸಿಗುವುದು 6 ವೋಲ್ಟ್ ಮಾತ್ರ. 12 ವ್ಯಾಟ್ ಕಾವು 3 ವ್ಯಾಟಿಗೆ ಇಳಿಯುತ್ತದೆ, ವೋಲ್ಟೇಜ್ ಅರ್ಧವಾದರೆ ಕಾವು ಕಾಲುಭಾಗವಾಗುತ್ತದೆ.

(ದೃಶ್ಯ: ಬಲ್ಬಿಗೆ ಬೆಸೆದ ಎರಡು ತಂತಿಗಳು)

ಆದ್ದರಿಂದ ಹಳೆಯ ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಬೆಸೆದು ಇಟ್ಟುಕೊಂಡಿದ್ದೇನೆ. ನೋಡಲು ಅಂದವಿಲ್ಲದಿದ್ದರೂ ನಮ್ಮ ಗ್ಯಾರೇಜಿನ ದುಬಾರಿ ಸ್ಕ್ಯಾನರಿಗಿಂತ ಇದರ ಮೇಲೆ ನನಗೆ ನಂಬಿಕೆ ಹೆಚ್ಚು. ಸಪ್ಲೈ ಪಿನ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಇದನ್ನು ಕೊಟ್ಟರೆ ಬಲ್ಬ್ ಪ್ರಕಾಶಮಾನವಾಗಿ ಉರಿಯಬೇಕು. ಈ ಕಾರಿನಲ್ಲಿ ಅದು ಉರಿಯಲೇ ಇಲ್ಲ, ಬಲ್ಬಿಗೆ ಜೋಡಿಸಿದ ಮೀಟರಿನಲ್ಲಿ 12 ಇದ್ದದ್ದು 2 ವೋಲ್ಟಿಗೂ ಕೆಳಗೆ ಕುಸಿಯಿತು. ತಂತಿಯನ್ನು ಹಿಡಿದು ಹಿಂದಕ್ಕೆ ಹೋದಾಗ, ಮೇಲಿನ ಟೇಪ್ ಬಿಚ್ಚಿದ ಒಂದು ಕಡೆ ಇಲಿ ಕಚ್ಚಿದ ಗುರುತಿತ್ತು. ತಾಮ್ರ ಹಸಿರಾಗಿ, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಕಾರು ನಿಲ್ಲುತ್ತಿದ್ದದ್ದು ಆಲೆಮನೆಯ ಪಕ್ಕದಲ್ಲಿ ಎಂದು ಮಾಲೀಕರು ಆಮೇಲೆ ಹೇಳಿದರು. ಬೆಲ್ಲದ ವಾಸನೆಗೆ ಬಂದ ಇಲಿಗೆ ಬೆಚ್ಚಗಿನ ಇಂಜಿನ್ ಒಳ್ಳೆಯ ಮಲಗುವ ಕೋಣೆ.

ಒಂದು ವೇಳೆ ಇಲ್ಲಿ ಬಲ್ಬ್ ಚೆನ್ನಾಗಿ ಉರಿದಿದ್ದರೆ ಇನ್ನೊಂದು ತಂತಿಯನ್ನು ನೋಡಬೇಕಿತ್ತು. ಸಾಮಾನ್ಯವಾಗಿ ಹೀಟರಿಗೆ ಅರ್ಥ್, ಅಂದರೆ ನೆಗೆಟಿವ್ ಕಡೆಯ ಸಂಪರ್ಕ ಕೊಡುವುದು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಎಂ, ಅದೂ ಬಿಟ್ಟು ಬಿಟ್ಟು ಕೊಡುತ್ತದೆ. ಕೋಡ್ ಅಳಿಸಿ, ಇಂಜಿನ್ ಚಾಲೂ ಮಾಡಿ, ವೈರಿಂಗ್ ಕಡೆಯ ಎರಡು ಹೀಟರ್ ಪಿನ್ನುಗಳ ನಡುವೆ 5 ವ್ಯಾಟಿನ ಸಣ್ಣ ಬಲ್ಬ್ ಇಟ್ಟರೆ ಅದು ಉರಿಯಬೇಕು ಅಥವಾ ಮಿನುಗಬೇಕು. ಇಲ್ಲಿ 21 ವ್ಯಾಟಿನದು ಬೇಡ. ಇಸಿಎಂ ಒಳಗಿನ ಟ್ರಾನ್ಸಿಸ್ಟರಿನ ಮೇಲೆ ಹೀಟರಿಗಿಂತ ಹೆಚ್ಚಿನ ಹೊರೆ ಹಾಕುವುದು ಜಾಣತನವಲ್ಲ. ಬಲ್ಬ್ ಉರಿಯದಿದ್ದರೂ ಇಸಿಎಂ ಹೋಗಿದೆ ಎಂದು ತೀರ್ಮಾನಿಸುವ ಮುನ್ನ ಅಲ್ಲಿಯವರೆಗಿನ ತಂತಿ ಕಡಿದಿದೆಯೇ, ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆಯೇ ಎಂದು ನೋಡಿ.

ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ತಂತಿ ಸೇರಿಸಿ, ಸೋಲ್ಡರ್ ಮಾಡಿ ಸ್ಲೀವ್ ಏರಿಸಿದೆವು. ಕಾರನ್ನು ರಾತ್ರಿ ಅಲ್ಲೇ ಉಳಿಸಿಕೊಂಡು ಬೆಳಗ್ಗೆ ತಣ್ಣನೆಯ ಇಂಜಿನನ್ನೇ ಚಾಲೂ ಮಾಡಿದಾಗ, ಒಂದು ನಿಮಿಷ ತುಂಬುವಷ್ಟರಲ್ಲಿ ಸೆನ್ಸರಿನ ಸಿಗ್ನಲ್ 0.1 ಮತ್ತು 0.9 ವೋಲ್ಟ್ ನಡುವೆ ಏರಿಳಿಯತೊಡಗಿತು, ಅಂದರೆ ಸೆನ್ಸರ್ ಕಾದು ಕೆಲಸ ಶುರುಮಾಡಿತ್ತು. ಮಾಲೀಕರು ಬಿಚ್ಚಿಟ್ಟಿದ್ದ ಹಳೆಯ ಸೆನ್ಸರನ್ನೂ ತಂದಿದ್ದರು. ಅದರ ಹೀಟರನ್ನೂ ಅಳೆದು ನೋಡಿದೆ: 13 ಓಮ್.